ಮುದ್ರೆ ಬಿದ್ದ ಪಾಸ್‌ಪೋರ್ಟ್

ಮುಂಬಯಿಯಲ್ಲಿ ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕ್ ಗುಮಾಸ್ತನಾದ ನನಗೆ ವಿದೇಶ ಪ್ರವಾಸ ಹಳೆಯ ಕನಸು. 2009ರಲ್ಲಿ ನಾನೂ ಮಡದಿಯೂ ಪಾಸ್‌ಪೋರ್ಟ್ ಮಾಡಿಸಿದೆವು. ಮನೆ ಸಾಲದ ಕಂತು, ಮಕ್ಕಳ ಕಾಲೇಜು ಎಂದು ಪ್ರವಾಸ ಮುಂದೆ ಹೋಗುತ್ತಲೇ ಇತ್ತು. ಒಂದೂ ಮುದ್ರೆ ಬೀಳದೆ 2019ರಲ್ಲಿ ಪಾಸ್‌ಪೋರ್ಟಿನ ಅವಧಿಯೇ ಮುಗಿಯಿತು.

ಕೊನೆಗೆ 2024ರ ಜನವರಿಯಲ್ಲಿ ಹೊಸ ಪಾಸ್‌ಪೋರ್ಟ್ ಹಿಡಿದು ಕಾಂಬೋಡಿಯಾಕ್ಕೆ ಹೊರಟೆವು. ಅಂಗ್ಕೋರ್ ವಾಟ್ ನೋಡಲು ಒಂದು ದಿನದ ಟಿಕೆಟು ತಲಾ 37 ಡಾಲರ್. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮನು ವಿಷ್ಣುವಿಗಾಗಿ ಕಟ್ಟಿಸಿದ, ಮುಂದೆ ಬೌದ್ಧ ಕ್ಷೇತ್ರವಾದ ದೇಗುಲವಿದು. ಪೂರ್ವದ ಮೊಗಸಾಲೆಯ ಗೋಡೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರ ಮಥನದ ಕೆತ್ತನೆ. ವಾಸುಕಿಯನ್ನು ಎಳೆಯುವ ದೇವತೆಗಳು, ಅಸುರರು, ನಡುವೆ ವಿಷ್ಣು. "ಊರಿನ ಯಕ್ಷಗಾನದಲ್ಲಿ ನೋಡಿದ ಕಥೆಯೇ ಅಲ್ಲವೇ!" ಎಂದು ಮಡದಿ ಮೈಮರೆತಳು.

ಆದರೆ ನಡುಗೋಪುರದ ಕಡಿದಾದ ಮೆಟ್ಟಿಲು ಹತ್ತಲು ಅವಳ ಮೊಣಕಾಲು ಒಪ್ಪಲಿಲ್ಲ. "ನೀವು ಹೋಗಿ ಬನ್ನಿ" ಎಂದಳು. ನಾನೂ ಹೋಗಲಿಲ್ಲ, ಕೆಳಗೆ ಅವಳ ಜೊತೆಗೇ ಕುಳಿತೆ. ಹತ್ತು ವರ್ಷ ಮೊದಲೇ ಬಂದಿದ್ದರೆ ಇಬ್ಬರೂ ಹತ್ತುತ್ತಿದ್ದೆವು.

ಠೇವಣಿಯನ್ನು ಮುಂದುವರಿಸಿದರೆ ಬಡ್ಡಿ ಬೆಳೆಯುತ್ತದೆ. ಪ್ರವಾಸವನ್ನು ಮುಂದೂಡಿದರೆ ಬೆಳೆಯುವುದು ಮೊಣಕಾಲು ನೋವು ಮಾತ್ರ. ಸಂಘದ ಬಂಧುಗಳೇ, ಹಣ ಕೂಡಿಡಿ; ಆದರೆ ಕಾಲು ಗಟ್ಟಿಯಿರುವಾಗಲೇ ಹೊರಡಿ.