ರಜೆಯಲ್ಲಿ ದಿನವೂ ನೂರು ಕಿಲೋಮೀಟರ್?

ಪ್ರಶ್ನೆ: ಒಂದು ತಿಂಗಳು ರಜೆ ಇದೆ. ದಿನವೂ 100 ಕಿ.ಮೀ. ಸೈಕಲ್ ತುಳಿದರೆ 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ) ಸಿದ್ಧನಾಗಬಹುದೇ?

ಉತ್ತರ: ದಿನವೂ ನೂರು ಖಂಡಿತ ಬೇಡ. ತುಳಿತ ಸ್ನಾಯುವನ್ನು ದಣಿಸುತ್ತದೆ. ಅದು ಬಲಗೊಳ್ಳುವುದು ಆಮೇಲಿನ ಊಟ, ನಿದ್ದೆಯಲ್ಲಿ. ಕೆಲಸಕ್ಕೆ ಹೋಗುವವರಿಗೆ ಸಿಗದ ಮಧ್ಯಾಹ್ನದ ನಿದ್ದೆಯೇ ನಿಮ್ಮ ರಜೆಯ ದೊಡ್ಡ ಲಾಭ ಎನ್ನುತ್ತೇನೆ.

200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ ಸಮಯವಿದೆ. ಅಂದರೆ ನಿಂತು ತಿಂಡಿ ತಿನ್ನುವ ಹೊತ್ತೂ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಸಾಕು. ವೇಗಕ್ಕಿಂತ ಸೀಟಿನ ಮೇಲೆ ಅಷ್ಟು ಹೊತ್ತು ಕೂರುವುದೇ ಕಷ್ಟ. ಹಾಗಾಗಿ ವಾರಕ್ಕೊಂದು ಉದ್ದನೆಯ ಸವಾರಿ ಇರಲಿ. ಅದನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪ ಬೆಳೆಸಿ. ಒಂದು ದಿನ ನಂದಿ ಬೆಟ್ಟದಂಥ ಏರು. ಉಳಿದ ಸವಾರಿಗಳಲ್ಲಿ ಏದುಸಿರಿಲ್ಲದೆ ಮಾತಾಡುವಂತಿರಬೇಕು. ವಾರಕ್ಕೆರಡು ದಿನ ಸೈಕಲ್ ಮುಟ್ಟಬೇಡಿ.

ಉದ್ದನೆಯ ದಿನ ಹಸಿವಾಗುವವರೆಗೆ ಕಾಯದೆ ಗಂಟೆಗೊಂದೆರಡು ಬಾಳೆಹಣ್ಣು ತಿನ್ನಿ, ನೀರಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಿ. ಮಂಡಿಯ ಮುಂಭಾಗ ನೋಯತೊಡಗಿದರೆ ಸೀಟು ತೀರಾ ತಗ್ಗಿದೆಯೇ ನೋಡಿ. ಕೊನೆಯ ವಾರ ಸವಾರಿಯನ್ನು ಅರ್ಧಕ್ಕಿಳಿಸಿ. ಆಗ ಹೊಸ ಟೈರು, ಹೊಸ ಸೀಟು ಮಾತ್ರ ದಯವಿಟ್ಟು ಹಾಕಿಸಬೇಡಿ.