ಫೋನು ಕೊಳ್ಳುವ ಮುನ್ನ ಕೆರೆ ನೋಡಿ

"ಮೇಷ್ಟ್ರೇ, ಆಂಡ್ರಾಯ್ಡ್ ತಗೊಳ್ಳೋದೋ ಐಫೋನೋ?" ವಿಜ್ಞಾನ ಕಲಿಸುವವನೆಂಬ ಒಂದೇ ಕಾರಣಕ್ಕೆ ಸಹೋದ್ಯೋಗಿಗಳು ನನ್ನನ್ನು ಆಗಾಗ ಕೇಳುವ ಪ್ರಶ್ನೆಯಿದು. ಕಳೆದ ವರ್ಷದವರೆಗೆ "ಜೇಬು ನೋಡಿಕೊಂಡು ತಗೊಳ್ಳಿ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಕಾರಣ ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗ.

ಮಗಳು ಹೊಸ ಫೋನು ಕೊಂಡು, ತನ್ನ ಹಳೆಯ ಐಫೋನನ್ನು "ಅಪ್ಪಾ, ಇನ್ನು ಇದನ್ನೇ ಇಟ್ಕೊಳ್ಳಿ" ಎಂದು ಕೈಗಿತ್ತಳು. ಸಿಮ್ ಬದಲಾಯಿಸಿದೆ. ಹಳೆಯ ಆಂಡ್ರಾಯ್ಡ್ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ತಮ್ಮನ ಮಗನಿಗೆ ಕೊಟ್ಟೆ. ರಾತ್ರಿ ವಾಟ್ಸ್‌ಆ್ಯಪ್ ತೆರೆದರೆ ಹಳೆಯ ಸಂದೇಶ ಒಂದೂ ಇಲ್ಲ! ತೀರಿಕೊಂಡ ಅಮ್ಮನ ಧ್ವನಿ ಅದರಲ್ಲಿತ್ತು. "ಊಟ ಆಯ್ತೇನಪ್ಪಾ? ಮಳೇಲಿ ನೆನೀಬೇಡ" ಎಂಬಂಥ ಸಣ್ಣ ಸಣ್ಣ ಮಾತುಗಳು. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಎರಡು ಕೆರೆಗಳು

ಎಂಟನೆಯ ತರಗತಿಯ ಮಕ್ಕಳಿಗೆ ಪರಿಸರ ವ್ಯವಸ್ಥೆ ಎಂದರೇನೆಂದು ಹೇಳಲು ನಾನು ಊರ ಕೆರೆಯ ಉದಾಹರಣೆ ಕೊಡುತ್ತೇನೆ. ಪಾಚಿ, ಮೀನು, ಕಪ್ಪೆ, ಕೊಕ್ಕರೆ ಎಲ್ಲವೂ ಒಂದನ್ನೊಂದು ನೆಚ್ಚಿಕೊಂಡಿರುತ್ತವೆ. ಫೋನಿನ ಲೋಕವೂ ಹಾಗೆಯೇ. ಫೋನು, ಟ್ಯಾಬ್ಲೆಟ್, ಆ್ಯಪ್, ಫೋಟೋ ಸಂಗ್ರಹ, ಕೊಟ್ಟ ದುಡ್ಡು ಎಲ್ಲ ಒಂದೇ ಕೆರೆಯವು.

ಇಂಥ ಎರಡು ಕೆರೆಗಳು ಇಂದು ಪ್ರಮುಖವಾಗಿವೆ. ಆ್ಯಪಲ್ ಕಂಪನಿ 2007ರಲ್ಲಿ ಐಫೋನನ್ನೂ 2010ರಲ್ಲಿ ಐಪ್ಯಾಡನ್ನೂ ತಂದಿತು. ಯಂತ್ರ ಮತ್ತು ತಂತ್ರಾಂಶ ಎರಡೂ ಅದರದೇ. ಗೂಗಲ್ 2005ರಲ್ಲಿ ಕೊಂಡುಕೊಂಡ ಆಂಡ್ರಾಯ್ಡ್, 2008ರಲ್ಲಿ ಮೊದಲ ಫೋನಿನೊಂದಿಗೆ ಮಾರುಕಟ್ಟೆಗೆ ಬಂತು. ಇದನ್ನು ಅನೇಕ ಕಂಪನಿಗಳು ಬಳಸುವುದರಿಂದ ಅಗ್ಗದ್ದೂ ಉಂಟು, ಲಕ್ಷ ದಾಟುವುದೂ ಉಂಟು. ಮೂರನೆಯ ಕೆರೆಗಳೂ ಇದ್ದವು. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನಿಗೆ 2020ರ ಜನವರಿಯಲ್ಲಿ ಬೆಂಬಲ ನಿಂತಿತು. ಬ್ಲ್ಯಾಕ್‌ಬೆರಿಯ ಸ್ವಂತ ತಂತ್ರಾಂಶದ ಫೋನುಗಳಿಗೆ 2022ರ ಜನವರಿಯಲ್ಲಿ ಅದೇ ಗತಿಯಾಯಿತು. ಕೆರೆ ಬತ್ತಿದರೆ ಮೀನಿನ ಪಾಡೇನು?

ಏನನ್ನು ನೋಡಬೇಕು?

ಮೊದಲನೆಯದು ಆಯುಷ್ಯ. ಫೋನು ಕೆಡದಿದ್ದರೂ ಸುರಕ್ಷತೆಯ ತಿದ್ದುಪಡಿಗಳು ನಿಂತ ಮೇಲೆ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಇಂಥ ತಿದ್ದುಪಡಿ ಬಂದಿತ್ತು. ಆಂಡ್ರಾಯ್ಡ್‌ನಲ್ಲಿ ಇದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, ಸ್ಯಾಮ್ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಭರವಸೆ ಕೊಟ್ಟಿವೆ. ಅಗ್ಗದ ಫೋನುಗಳಿಗೆ ಸಾಮಾನ್ಯವಾಗಿ ಅಷ್ಟು ಕಾಲ ಸಿಗದು. ಬೆಲೆಯನ್ನು ಈ ವರ್ಷಗಳಿಂದ ಭಾಗಿಸಿ ನೋಡಿ. ಅಗ್ಗ ಯಾವುದು, ತುಟ್ಟಿ ಯಾವುದು ಎಂಬುದು ಆಗ ತಿಳಿಯುತ್ತದೆ.

ಎರಡನೆಯದು ಜಾಗ. ಗೂಗಲ್ ಖಾತೆಯಲ್ಲಿ 15 ಜಿಬಿ, ಆ್ಯಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ ಪುಕ್ಕಟೆ. ಮೊಮ್ಮಗುವಿನ ನಾಲ್ಕು ವಿಡಿಯೋ ತುಂಬಿದರೆ ಮುಂದೆ ತಿಂಗಳ ಬಾಡಿಗೆ!

ಮೂರನೆಯದು ಕನ್ನಡ. ಆಂಡ್ರಾಯ್ಡ್ 2012ರಲ್ಲೇ ಕನ್ನಡಕ್ಕೆ ಬೆಂಬಲ ಕೊಟ್ಟಿತು. ಐಫೋನಿಗೆ ಕಂಪನಿಯದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ. ಇಂದು ಎರಡರಲ್ಲೂ ಬರೆಯಬಹುದು. ಆದರೆ ಬೆರಳಿಗೆ ಒಗ್ಗುವುದು ಯಾವುದೆಂದು ಅಂಗಡಿಯಲ್ಲೇ 'ಜ್ಞಾನ', 'ಕ್ಷೇಮ' ಎಂದು ಬರೆದು ನೋಡುವುದು ಒಳ್ಳೆಯದು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಹೊರಬರುವ ದಾರಿ. ಒಂದು ಕಡೆ ದುಡ್ಡು ಕೊಟ್ಟು ಕೊಂಡ ಆ್ಯಪ್ ಸಾಮಾನ್ಯವಾಗಿ ಇನ್ನೊಂದು ಕಡೆಗೆ ಬರುವುದಿಲ್ಲ. ಆಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಗೂಗಲ್ ಖಾತೆಯಲ್ಲಿ ಪ್ರತಿ ಇಡುತ್ತದೆ, ಐಫೋನಿನದು ಐಕ್ಲೌಡ್‌ನಲ್ಲಿ. ಒಂದರ ಪ್ರತಿಯನ್ನು ಇನ್ನೊಂದು ತೆರೆಯಲಾರದು. ನಾನು ಎಡವಿದ್ದು ಇಲ್ಲಿಯೇ. 2022ರಿಂದ ಆಂಡ್ರಾಯ್ಡ್‌ನಿಂದ ಐಫೋನಿಗೆ ಸಂದೇಶಗಳನ್ನು ಸಾಗಿಸುವ ಸೌಲಭ್ಯವಿದೆ. ಆದರೆ ಅದಕ್ಕೆ ಎರಡೂ ಫೋನುಗಳು ಎದುರಿಗಿರಬೇಕು, ಹಳೆಯದರಲ್ಲಿ ಸಂದೇಶಗಳು ಉಳಿದಿರಬೇಕು. ನಾನೋ ಮೊದಲೇ ಅಳಿಸಿ ಕುಳಿತಿದ್ದೆ!

ಮತ್ತೆ ಕೇಳಿದ ದನಿ

ಮರುದಿನ ವಿಷಯ ತಿಳಿದ ತಮ್ಮನ ಮಗ, "ದೊಡ್ಡಪ್ಪಾ, ಗೂಗಲ್‌ನಲ್ಲಿ ಪ್ರತಿ ಇರಬೇಕಲ್ಲ?" ಎಂದು ಹಳೆಯ ಫೋನನ್ನೇ ಹೊತ್ತು ತಂದ. ಅದಕ್ಕೆ ನನ್ನ ಸಿಮ್ ಹಾಕಿ, ನನ್ನ ಗೂಗಲ್ ಖಾತೆ ಸೇರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಅದೇ ನಂಬರು ಕೊಟ್ಟೆವು. ಹಳೆಯ ಪ್ರತಿ ಸಿಕ್ಕಿತು! ಅರ್ಧ ಗಂಟೆ ಕಾದ ಮೇಲೆ ಅಮ್ಮನ ದನಿ ಮತ್ತೆ ಕೇಳಿಸಿತು. ಮಾಡಿದ ಮೊದಲ ಕೆಲಸವೆಂದರೆ ಆ ಧ್ವನಿಗಳನ್ನು ಒಂದೊಂದಾಗಿ ಹೊರತೆಗೆದು ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟದ್ದು.

ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಮನೆಯವರು ಹೆಚ್ಚಾಗಿ ಬಳಸುವ ಕೆರೆಗೇ ಇಳಿಯಿರಿ, ತೊಡಕು ಬಂದಾಗ ಬಿಡಿಸಲು ಪಕ್ಕದಲ್ಲಿ ಒಬ್ಬರಿರುತ್ತಾರೆ. ಕಳೆದುಕೊಳ್ಳಬಾರದೆನಿಸಿದ್ದನ್ನು ಕೆರೆಯ ಹೊರಗೂ ಒಂದೆಡೆ ಇಡಿ. ಹೊಸ ಫೋನು ಬಂದ ಮೇಲೆ ಹಳೆಯದನ್ನು ಕನಿಷ್ಠ ಒಂದು ತಿಂಗಳು ಅಳಿಸದೆ ಬೀರುವಿನಲ್ಲಿಡಿ.

ಅಂದಹಾಗೆ, ಮಗಳ ಐಫೋನು ಈಗ ಅವಳ ಅಮ್ಮನ ಕೈಯಲ್ಲಿದೆ. ತಮ್ಮನ ಮಗನಿಗೆ ನಾನೊಂದು ಹೊಸ ಆಂಡ್ರಾಯ್ಡ್ ಕೊಡಿಸಬೇಕಾಯಿತು.