ಧೂಳು ನುಂಗಿದ ಬೆಳಕಿಗೂ ಲೆಕ್ಕ ಬೇಕು

ಡಿಸೆಂಬರಿನ ಅಮಾವಾಸ್ಯೆ ಆಸುಪಾಸು, ನಾಪೋಕ್ಲಿನಲ್ಲಿ ಏಳೂವರೆಗೆ ಕರೆಂಟು ಹೋಯ್ತು. ಕಾಫಿ ಒಣಗಿಸುವ ಕಣಕ್ಕೆ ಬಂದು ತಲೆಯೆತ್ತಿದರೆ ಉತ್ತರಕ್ಕೆ ಮಸುಕಾದೊಂದು ಮಚ್ಚೆ. ಆಂಡ್ರೊಮಿಡಾ ಗ್ಯಾಲಕ್ಸಿ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ.

ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದು ಎಲ್ಲಿ? ದೊಡ್ಡ ಎಳೆಯ ನಕ್ಷತ್ರಗಳು ಚೆಲ್ಲುವುದು ಹೆಚ್ಚಾಗಿ ನೇರಳಾತೀತ ಬೆಳಕು. ಅದನ್ನು ನಮ್ಮ ವಾತಾವರಣ ತಡೆಯುತ್ತೆ. ಹಾಗಾಗಿಯೇ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ ಕಟ್ಟಿದ ಯುವಿಐಟಿ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಜೊತೆ ಮೇಲೆ ಹೋಯ್ತು. ನಾಸಾದ ಗೇಲೆಕ್ಸ್‌ಗಿಂತ ಇದರ ನೋಟ ಮೂರು ಪಟ್ಟು ಚೂಪು. ಆಂಡ್ರೊಮಿಡಾವನ್ನೂ ಚಿತ್ರಿಸಿದೆ.

ಆದರೆ ನಕ್ಷತ್ರ ಹುಟ್ಟುವ ಕಡೆಯೇ ಧೂಳೂ ದಟ್ಟ. ಅದು ನೇರಳಾತೀತವನ್ನು ನುಂಗಿಬಿಡುತ್ತೆ. ಕತ್ತಲೆ ಕಂಡಲ್ಲಿ ಏನೂ ಇಲ್ಲ ಅಂದ್ಕೊಂಡರೆ ಕೆಟ್ಟಿರಿ. ನುಂಗಿದ್ದು ಮಾಯವಾಗಲ್ಲ: ಸೂರ್ಯ ಮುಳುಗಿದ ಮೇಲೂ ನನ್ನ ಕಾಲಡಿಯ ಕಣ ಬೆಚ್ಚಗಿತ್ತಲ್ಲ, ಹಾಗೆ ಧೂಳು ಕಾದು ಇನ್‌ಫ್ರಾರೆಡ್ ಹೊರಬಿಡುತ್ತೆ. ಆ ಬೆಳಕಿನಲ್ಲಿ ಸ್ಪಿಟ್ಜರ್, ಹರ್ಷೆಲ್ ದೂರದರ್ಶಕಗಳು ನೋಡಿದಾಗ ಆಂಡ್ರೊಮಿಡಾದಲ್ಲಿ ಎದ್ದು ಕಂಡದ್ದು ಸುರುಳಿಗಿಂತ ಉಂಗುರ, ಕೇಂದ್ರದಿಂದ ಸುಮಾರು 33 ಸಾವಿರ ಜ್ಯೋತಿರ್ವರ್ಷ ಆಚೆ. ಎರಡೂ ಬೆಳಕು ಕೂಡಿಸಿದರೇ ಹುಟ್ಟಿನ ಲೆಕ್ಕ. ಅದರಲ್ಲೂ ಒಂದು ತಕರಾರು: ಮುದಿ ನಕ್ಷತ್ರಗಳೂ ಧೂಳನ್ನು ಕಾಯಿಸುತ್ತವೆ, ಆ ಪಾಲನ್ನು ಕಳೆಯಬೇಕು.

ಗೇಲೆಕ್ಸ್ 2013ರಲ್ಲೇ ಮುಗಿಯಿತು. ಯುವಿಐಟಿಯ ಎರಡು ನೇರಳಾತೀತ ಚಾನೆಲ್‌ಗಳಲ್ಲಿ ಒಂದು 2018ರಲ್ಲಿ ನಿಂತಿತು. ಐದು ವರ್ಷಕ್ಕೆಂದು ಕಟ್ಟಿದ ಆಸ್ಟ್ರೋಸ್ಯಾಟ್ ಅವಧಿ ಮೀರಿ ದುಡಿದಿದೆ. ಮುಂದಿನದಕ್ಕೆ ಅದೇ ಸಂಸ್ಥೆ 'ಇನ್‌ಸಿಸ್ಟ್' ಅನ್ನೋ ಪ್ರಸ್ತಾವ ಇಟ್ಟಿದೆ. ಚಂದ್ರಯಾನಕ್ಕೆ ಸ್ಟೇಟಸ್ ಹಾಕಿದ ನಾವು, ಇದರ ದುಡ್ಡಿನ ಬಗ್ಗೆ ನಮ್ಮ ಸಂಸದರನ್ನು ಒಮ್ಮೆಯಾದರೂ ಕೇಳಿದ್ದೀವಾ?